ಹಾನುಬಾಳು ಜೀಪಿನಲ್ಲಿ ಮಾವನ ಆಲ್ಬಮ್

ಫ್ರೆಂಡ್ಸ್, ನನ್ನ ಸೋದರಮಾವನ ಮೊದಲ ಸೋಲೋ ಆಲ್ಬಮ್ ಇವತ್ತು ಹಾನುಬಾಳಿಗೆ ಹೋಗುವ ಜೀಪಿನಲ್ಲಿ ರಿಲೀಸ್ ಆಯಿತು. ಮಾವ ಊರೂರು ತಿರುಗಿ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುವವರು, ಮದುವೆಗೂ ಸೈ, ಸಾವಿಗೂ ಸೈ. ಈ ಆಲ್ಬಮ್ ಮಾತ್ರ ಅವರದೇ ಸ್ವಂತದ್ದು, ಪೂರ್ತಿ ಲ್ಯಾಟಿನ್ ಸ್ಟೈಲ್. "ಇದು ಯಾರ್ಗೂ ಹಿಡಿಸ್ಲಿಲ್ಲ ಅಂದ್ರೆ ಊದೋದನ್ನೇ ಬಿಟ್ಬುಡ್ತೀನಿ ಕಣೋ" ಎಂದು ಬೆಳಿಗ್ಗೆ ಹೇಳಿದ್ದರು.

ಡ್ರೈವರ್ ಪೆನ್‌ಡ್ರೈವ್ ಹಾಕಿದ. ಪಕ್ಕದಲ್ಲಿ ಮಾವ ಕೂತಿದ್ದಂತೆಯೇ ಅವರ ಟ್ರಂಪೆಟ್ ಶುರುವಾಯಿತು.

"ಹಾಡೋದು ಯಾವಾಗ ಮಾರಾಯ?" ಎಂದ ಡ್ರೈವರ್.

"ಹಾಡಲ್ಲ ಅಣ್ಣ, ಬರೀ ಮ್ಯೂಸಿಕ್."

ಹಿಂದಿನ ಸೀಟಿನ ಅಜ್ಜಿಯೊಬ್ಬರು ತಲೆಗೆ ಸೆರಗು ಎಳೆದುಕೊಂಡು, "ಯಾರಪ್ಪಾ ತೀರ್ಕೊಂಡಿದ್ದು?" ಎಂದರು.

"ಯಾರೂ ಇಲ್ಲ ಅಜ್ಜಿ, ಇದು ಲವ್ ಟ್ಯೂನ್," ಎಂದೆ.

ಜೀಪೆಲ್ಲ ನಕ್ಕಿತು. ಮಾವ ನಗಲಿಲ್ಲ, ಅಜ್ಜಿಯೂ ನಗಲಿಲ್ಲ. ಊದಿದವರು ಮಾವನೇ ಎಂದು ಗೊತ್ತಾದ ಮೇಲೆ ಅಜ್ಜಿ ಅವರ ಕೈ ಹಿಡಿದುಕೊಂಡು, "ಎಷ್ಟ್ ಚೆನ್ನಾಗೈತೆ ಮಗ. ನಾನ್ ಹೋದಾಗ ಇದನ್ನೇ ಊದ್ಬುಡು" ಎಂದರು.

"ಆಯ್ತಜ್ಜಿ" ಎಂದ ಮಾವ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು.

ಇಡೀ ಆಲ್ಬಮ್‌ಗೆ ಸಿಕ್ಕಿದ್ದು ಒಬ್ಬರೇ ಫ್ಯಾನ್. ಅವರು ಬುಕ್ ಮಾಡಿದ ಶೋ ಅವರಿಗೇ ಕೇಳಿಸುವುದಿಲ್ಲ.