ಬದುಕಿದ್ದ ಅಜ್ಜಿಗೊಂದು ಕಲ್ಲು

ಹೋದ ತಿಂಗಳು ರೈಸ್ ಕುಕ್ಕರಿನ ವಾರಂಟಿ ಕಾರ್ಡ್ ಹುಡುಕಲು ಸ್ಟೂಲು ಹತ್ತಿದವನ ಕೈಗೆ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ಗಾಜಿನ ಟ್ರೇ ಸಿಕ್ಕಿತು. ನಮ್ಮದಲ್ಲ. ಓವನ್‌ನಲ್ಲಿ ಇಡುವಂಥ ದಪ್ಪ ಗಾಜಿನದು, ಎರಡೂ ಕಡೆ ಹಿಡಿ. ಮಗುಚಿ ನೋಡಿದರೆ ತಳದಲ್ಲಿ ಹಳದಿಗಟ್ಟಿದ ಪೇಪರ್ ಟೇಪು, ಅದರ ಮೇಲೆ ನೀಲಿ ಪೆನ್ನಿನಲ್ಲಿ 'ಮಾರ್ಗರೆಟ್' ಎಂದು ಬರೆದಿತ್ತು. ವಾರಂಟಿ ಮರೆತೇಹೋಯಿತು. ಸ್ಟೂಲಿನ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿನಿಂದ ನನ್ನ ಹೆಂಡತಿ ಶೈಲಾ, "ರೀ, ಒಂದೋ ಇಳೀರಿ, ಇಲ್ಲಾ ಅದನ್ನ ಇಳಿಸಿ. ಎರಡೂ ಒಟ್ಟಿಗೆ ಬಿದ್ರೆ ನಾನು ಟ್ರೇನೇ ಹಿಡಿಯೋದು" ಅಂದಳು. ಮೈಸೂರಿನವಳು, ಇಂಥದ್ದನ್ನೆಲ್ಲ ಬಹಳ ಮೃದುವಾಗಿ ಹೇಳುತ್ತಾಳೆ.

ಪಾತ್ರೆಗೆ ಹೆಸರು ಬರೆಯುವುದು ನಮಗೇನೂ ಹೊಸದಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಚಮಚ ಸೈತ ಬಿಡದೆ ಅಪ್ಪನ ಹೆಸರನ್ನು ಕೊರೆಸಿದ್ದರು. ಊಟಕ್ಕೆ ಕೂತರೆ ಸಾರಿನೊಳಗಿಂದ ಅಪ್ಪನ ಇನಿಷಿಯಲ್ಲು ಕಾಣುತ್ತಿತ್ತು. ಆಸ್ಟ್ರೇಲಿಯಾದವರು ಟೇಪು ಹಚ್ಚುತ್ತಾರೆ, ಅಷ್ಟೇ ಫರಕು. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿ ಉಂಟಲ್ಲ, ಬೇರೆಯವರ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು ಅಂತ? ನಾನು ಈ ಟ್ರೇಯನ್ನು ಖಾಲಿಯಾಗಿಯೂ ಕೊಟ್ಟಿರಲಿಲ್ಲ, ತುಂಬಿಯೂ ಕೊಟ್ಟಿರಲಿಲ್ಲ. ಎಂಟು ವರ್ಷ ನನ್ನ ಹತ್ತಿರವೇ ಉಳಿದಿತ್ತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಹಿಂದಿನಿಂದ ಬರಬೇಕು.

ಆಗ ನಾವು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಬಾಡಿಗೆಗಿದ್ದೆವು. ಮಗಳು ಇಂಚರಾಗೆ ಏಳು ವರ್ಷ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪುಟ್ಟ ಕ್ರಿಶ್ಚಿಯನ್ ಪ್ರೈಮರಿ ಶಾಲೆ. ಒಂದು ಹಾಲು, ಏಳೆಂಟು ಕ್ಲಾಸ್‌ರೂಮು, ಗೇಟಿನ ಪಕ್ಕ ನೇರಳೆ ಹೂವಿನ ಒಂದು ಜಕರಾಂಡಾ ಮರ. ಅಲ್ಲಿ ಎಲ್ಲರಿಗೂ ಎಲ್ಲರ ಮಕ್ಕಳ ಹೆಸರು ಗೊತ್ತು. ಅಡ್ಮಿಷನ್ ಇಂಟರ್‌ವ್ಯೂನಲ್ಲಿ ಪ್ರಿನ್ಸಿಪಾಲರು ನಿಮ್ಮ ನಂಬಿಕೆ ಏನು ಅಂತ ಕೇಳಿದಾಗ ನಾನು, ನಮಗೆ ಯಾವ ದೇವರ ಬಗ್ಗೆಯೂ ತಕರಾರಿಲ್ಲ ಸರ್ ಅಂದುಬಿಟ್ಟೆ. ಶೈಲಾ ಮೇಜಿನ ಕೆಳಗೆ ಕಾಲು ತುಳಿದಳು. ಹೇಗೋ ಸೀಟು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವಳದು ಒಂದೇ ಮಾತು. "ಮಿಷನ್ ಸಾಲ್ಯಾಗ ಅಕ್ಷರ ಚಂದ ತಿದ್ದಿಸ್ತಾರ. ದೇವ್ರು ಯಾವನಾದ್ರೇನಪಾ, ಕೈ ಮುಗಿಯಾಕ ಕಲಿಸಿದ್ರ ಸಾಕು."

ಆ ಅವ್ವನನ್ನು ನಾನೇ ಗಂಟುಬಿದ್ದು ಸಿಡ್ನಿಗೆ ಕರೆಸಿಕೊಂಡೆ. ಬಂದ ಎರಡನೇ ವಾರಕ್ಕೇ ಅವಳಿಗೆ ಶಾಲೆಯ ದಾರಿ ರೂಢಿಯಾಯಿತು. ಮಧ್ಯಾಹ್ನ ಮೂರಕ್ಕೆ ಇಳಕಲ್ ಸೀರೆಯುಟ್ಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುವಳು. ಶಾಲೆಯ ಆಫೀಸು ನೋಡಿಕೊಳ್ಳುತ್ತಿದ್ದ ಮಾರ್ಗರೆಟ್ ಹೊರಗೆ ಕುರ್ಚಿ ತಂದಿಡುತ್ತಿದ್ದರು. ಒಬ್ಬರಿಗೆ ಇಂಗ್ಲಿಷ್ ಬರದು, ಇನ್ನೊಬ್ಬರಿಗೆ ಕನ್ನಡ ಬರದು. ಆದರೂ ಇಬ್ಬರೂ ಅರ್ಧ ಗಂಟೆ ಮಾತಾಡುವರು! ಅವ್ವ ಅವರನ್ನು ಮಾರ್ಗರೆಟವ್ವ ಅಂತಿದ್ದಳು. ಸಂಜೆ ನಮಗೆ ವರದಿ ಬರುತ್ತಿತ್ತು: "ಮಾರ್ಗರೆಟವ್ವನ ಮೊಣಕಾಲೂ ನನ್ನಂಗಽ ನೋಯ್ತಾವಂತ." ಅದು ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ.

ಅನಾಹುತ ಆದದ್ದು ಶೇಂಗಾ ಉಂಡಿಯಿಂದ. ಉತ್ತರ ಕರ್ನಾಟಕದ ಅಜ್ಜಿ ಮಕ್ಕಳಿರುವಲ್ಲಿಗೆ ಬರಿಗೈಯಲ್ಲಿ ಹೋಗುತ್ತಾಳೆಯೇ? ಒಂದು ದಿನ ಡಬ್ಬಿ ತುಂಬ ಉಂಡಿ ಕಟ್ಟಿಕೊಂಡು ಹೋಗಿ, ಗೇಟಿನಲ್ಲಿ ಹೊರಬಂದ ಮಕ್ಕಳಿಗೆಲ್ಲ ಒಂದೊಂದು ಕೈಗಿಟ್ಟಿದ್ದಾಳೆ. ಇಲ್ಲಿನ ಶಾಲೆಗಳಲ್ಲಿ ಶೇಂಗಾ ಅಂದರೆ ಬಾಂಬು ಇದ್ದ ಹಾಗೆ. ಕೆಲವು ಮಕ್ಕಳಿಗೆ ಅದರ ಚೂರು ತಾಗಿದರೂ ಉಸಿರು ಕಟ್ಟುತ್ತದೆ. ಮಾರ್ಗರೆಟ್ ಓಡಿ ಬಂದು ಮಕ್ಕಳ ಕೈಯಿಂದ ಉಂಡಿ ಕಸಿದುಕೊಂಡರಂತೆ. ಅಂಥ ಅಲರ್ಜಿಯಿದ್ದ ಒಂದು ಹುಡುಗಿ ಇನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ದೇವರು ದೊಡ್ಡವನು, ಏನೂ ಆಗಲಿಲ್ಲ.

ಆಫೀಸಿನಿಂದ ಎದ್ದುಬಿದ್ದು ಬಂದವನು ನಾನು. ಆ ಹುಡುಗಿಯ ತಾಯಿಯ ಬಿಳುಚಿದ ಮುಖ ನೋಡಿದೆ, ಸುತ್ತ ನಿಂತವರನ್ನು ನೋಡಿದೆ, ನನ್ನ ಮರ್ಯಾದೆ ಹೋಯಿತಲ್ಲಪ್ಪಾ ಅನ್ನಿಸಿತು. ಗೇಟಿನಲ್ಲಿ ಶೇಂಗಾದ ಚಿತ್ರದ ಮೇಲೆ ಕೆಂಪು ಗೆರೆ ಎಳೆದ ಬೋರ್ಡಿತ್ತು. "ಕಣ್ಣು ಕಾಣಂಗಿಲ್ಲೇನು ನಿನಗ?" ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನಿನ್ನಿಂದ ನಾ ಇಲ್ಲಿ ತಲಿ ಎತ್ತಿ ತಿರುಗಂಗಿಲ್ಲ. ಯಾಕರ ಬಂದ್ಯೋ" ಅಂದೆ. ಎಲ್ಲರ ಎದುರಿಗೆ. ಭಾಷೆ ಬರದಿದ್ದರೂ ದನಿ ಎಲ್ಲರಿಗೂ ತಿಳಿಯುತ್ತದೆ. ಮಾರ್ಗರೆಟ್ ನೆಲ ನೋಡುತ್ತ ನಿಂತರು. ಅವ್ವ ಡಬ್ಬಿಯ ಮುಚ್ಚಳ ಹಾಕಿದಳು, ಮೊಮ್ಮಗಳ ಕೈ ಹಿಡಿದಳು, ಮನೆಯ ಕಡೆ ನಡೆದಳು. ನಾಲ್ಕನೇ ದಿನ ಟಿಕೆಟ್ ಬದಲಿಸಿ ಹೊರಟೇಬಿಟ್ಟಳು. ಏರ್‌ಪೋರ್ಟಿನಲ್ಲಿ ಆಡಿದ್ದು ಒಂದೇ ಮಾತು: "ನೀನಽ ಬಾ ಅಂದಿದ್ದಿ."

ಆಮೇಲೆ ಏಳು ತಿಂಗಳು ನಾನು ಫೋನ್ ಮಾಡಲಿಲ್ಲ. ಸಿಟ್ಟಿನಿಂದಲ್ಲ, ಸಿಟ್ಟು ವಾರಕ್ಕೇ ಇಳಿದಿತ್ತು. ನಾಚಿಕೆ. ಮೊದಲ ವಾರ ಏನು ಹೇಳಲಿ ಅಂತ ಬಿಟ್ಟೆ, ಎರಡನೇ ತಿಂಗಳು ಇಷ್ಟು ದಿನ ಯಾಕೆ ಮಾಡಲಿಲ್ಲ ಅಂದರೆ ಏನು ಹೇಳಲಿ ಅಂತ ಬಿಟ್ಟೆ. ಬಿಡುತ್ತ ಹೋದರೆ ಬಿಡುವುದೇ ಸಲೀಸಾಗುತ್ತದೆ, ನಿಮಗೂ ಗೊತ್ತಿರಬೇಕು. ಶೈಲಾ ಆಫೀಸಿನ ಊಟದ ಹೊತ್ತಿನಲ್ಲಿ ಅಕ್ಕನಿಗೆ ಫೋನ್ ಮಾಡಿ ಕ್ಷೇಮ ಕೇಳುತ್ತಿದ್ದಳು, ಮನೆಯಲ್ಲಿ ಮಾತ್ರ ಆ ಮಾತಿಲ್ಲ. ಇಂಚರಾ ಅಜ್ಜಿ ಅಂದರೆ ನಾನು, "ನಿನ್ನ ಹೋಮ್‌ವರ್ಕ್ ಆಯ್ತಾ?" ಅಂತಿದ್ದೆ.

ಫೋಟೋದ ಸಂಗತಿ ಬೇರೆ. ನಮ್ಮದು ಬಾಡಿಗೆ ಮನೆ, ಏಜೆಂಟನ ಒಪ್ಪಿಗೆಯಿಲ್ಲದೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅವ್ವ ಬಂದಾಗ ತೆಗೆದಿದ್ದ ಚಂದದ ಫೋಟೋಗೆ ಫ್ರೇಮು ಹಾಕಿಸಿದ್ದೆ, ಇಡಲು ಜಾಗವಿಲ್ಲ. ದೇವರ ಶೆಲ್ಫಿನಲ್ಲಿ ತೀರಿಹೋದ ಅಪ್ಪನ ಫೋಟೋ ಪಕ್ಕ ಇಟ್ಟುಬಿಟ್ಟೆ. ಬದುಕಿದ್ದವರನ್ನು ಅಲ್ಲಿ ಇಡಬಾರದು ಅಂತ ಊರಿನಲ್ಲಿ ಎಂಥ ದಡ್ಡನಿಗೂ ಗೊತ್ತು. ಇಂಜಿನಿಯರ್ ಆದವನಿಗೆ ಹೊಳೆಯಲಿಲ್ಲ. ದಿನಾ ಸಂಜೆ ದೀಪ ಹಚ್ಚುತ್ತಿದ್ದವಳು ಇಂಚರಾ.

ನವೆಂಬರಿನ ಒಂದು ಸಂಜೆ ಆರರ ಹೊತ್ತಿಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಈ ಗಾಜಿನ ಟ್ರೇ. ಒಳಗೆ ಬಿಸಿಬಿಸಿ ಪಾಸ್ತಾ, ಜೊತೆಗೊಂದು ಕಾರ್ಡು. 'ನಿಮ್ಮ ತಾಯಿ ನಮ್ಮನ್ನೆಲ್ಲ ಅಗಲಿದ ಸುದ್ದಿ ತಿಳಿದು ಬಹಳ ದುಃಖವಾಯಿತು. ಈ ವಾರವೆಲ್ಲ ಅಡುಗೆಯ ಚಿಂತೆ ಬಿಡಿ, ನಾವು ಸರದಿಯಂತೆ ತರುತ್ತೇವೆ. ಮಾರ್ಗರೆಟ್.'

ಕಾರ್ಡನ್ನು ಎರಡು ಸಲ ಓದಿದೆ. ಅವ್ವ ಹೋದಳು, ಶಾಲೆಯವರಿಗೆ ತಿಳಿಯಿತು, ಮಗನಿಗೆ ತಿಳಿಸುವವರಿಲ್ಲ. ಯಾಕೆ ತಿಳಿಸಬೇಕು? ಏಳು ತಿಂಗಳು ಸತ್ತೆಯಾ ಬದುಕಿದೆಯಾ ಅಂತ ಕೇಳದವನಿಗೆ? ಶೈಲಾ ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ಅಕ್ಕನ ನಂಬರು ಒತ್ತಿದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು.

"ಅಕ್ಕಾ, ಅವ್ವ..."

"ಇಲ್ಲೇ ಕುಂತಾಳ, ರೊಟ್ಟಿ ತಿನ್ನಾಕತ್ತಾಳ. ಯಾಕೋ?"

ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಫೋನು ಅವ್ವನ ಕೈಗೆ ಹೋಯಿತು. ನಾನು ಸ್ಪೀಕರಿಗೆ ಹಾಕಿ ಟ್ರೇಯ ಪಕ್ಕ ಇಟ್ಟೆ. "ಯಾರು?" ಅಂದಳು ಅವ್ವ. ಆ ದನಿ ಕೇಳಿ ಒಳಗಿನಿಂದ ಬಂದ ಇಂಚರಾ ಬಾಗಿಲಲ್ಲೇ ನಿಂತಳು. ಮಗುವಿನ ಮುಖ ಸುಣ್ಣದಂತಾಗಿತ್ತು.

"ಅಪ್ಪಾ, ಅಜ್ಜಿ ಈಸ್ ಡೆಡ್, ರೈಟ್?"

"ಯಾರು ಹೇಳಿದ್ರು ನಿಂಗೆ?"

"ನೋಬಡಿ. ಬಟ್ ಶೀ ಈಸ್ ಆನ್ ದ ಗಾಡ್ ಶೆಲ್ಫ್. ವಿತ್ ತಾತ." ಅಳುತ್ತ ಮುಂದುವರಿಸಿದಳು. ಯಾರೂ ಅಜ್ಜಿಗೆ ಫೋನ್ ಮಾಡಲ್ಲ, ನಾನು ಕೇಳಿದರೆ ನೀನು ಮಾತು ಬದಲಿಸ್ತೀಯ, ಅಮ್ಮ 'ಪಾಪ, ಎಷ್ಟು ಚೆನ್ನಾಗಿ ಉಂಡೆ ಮಾಡ್ತಿದ್ರು' ಅಂತಾಳೆ. ಇಷ್ಟನ್ನೂ ಇಂಗ್ಲಿಷಿನಲ್ಲಿ, ಒಂದೊಂದಾಗಿ ಹೇಳಿದಳು. ನಾನಾಗಿದ್ದರೂ ಅದನ್ನೇ ತಿಳಿಯುತ್ತಿದ್ದೆ.

ಆ ಶಾಲೆಯಲ್ಲೊಂದು ಪದ್ಧತಿಯಿತ್ತು. ನವೆಂಬರಿನಲ್ಲಿ ಯುದ್ಧದಲ್ಲಿ ಮಡಿದವರಿಗಾಗಿ ಇಡೀ ದೇಶ ಒಂದು ನಿಮಿಷ ಮೌನವಾಗಿ ನಿಲ್ಲುತ್ತದಲ್ಲ, ಅದಾದ ಮೇಲೆ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ತೀರಿಹೋದ ಒಬ್ಬರ ಹೆಸರನ್ನು ನುಣುಪು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದು ಜಕರಾಂಡಾ ಮರದ ಬುಡದಲ್ಲಿ ಇಡುತ್ತಿದ್ದರು. ಅಂದು ಬೆಳಿಗ್ಗೆ ಇಂಚರಾ ತನಗೆ ಬರೆಯಲು ಬರುತ್ತಿದ್ದ ಒಂದೇ ಕನ್ನಡ ಪದ ಬರೆದಿದ್ದಳು: ಅಜ್ಜಿ. ಕಲಿಸಿದ್ದು ಅಜ್ಜಿಯೇ. ಮಾರ್ಗರೆಟ್ ಯಾರಿದು ಅಂತ ಕೇಳಿದ್ದಾರೆ, ಇವಳು ಹೇಳಿದ್ದಾಳೆ. ಸೀರೆ, ಸ್ಪೋರ್ಟ್ಸ್ ಶೂ, ಗೇಟಿನ ಹತ್ತಿರದ ಕುರ್ಚಿ ಎಲ್ಲರಿಗೂ ನೆನಪಿತ್ತು. ಶಾಲೆಗೆ ಶಾಲೆಯೇ ತಲೆ ತಗ್ಗಿಸಿ ಪ್ರಾರ್ಥಿಸಿತಂತೆ.

ಇದನ್ನೆಲ್ಲ ಫೋನಿನಲ್ಲಿ ಅವ್ವನಿಗೆ ಹೇಗೆ ಹೇಳಿದೆನೋ! ಆ ಕಡೆ ನಗು ಶುರುವಾಯಿತು. ನಕ್ಕು ನಕ್ಕು ರೊಟ್ಟಿ ಗಂಟಲಿಗೆ ಸಿಕ್ಕಿ ಅಕ್ಕ ನೀರು ಕುಡಿಸಬೇಕಾಯಿತು.

"ಛಲೋ ಆತ್ ಬಿಡಪಾ! ಹೋದ ತಿಂಗಳ ಮಾಳಿಗಿ ಮ್ಯಾಲೆ ಅರಿವಿ ಒಣ ಹಾಕಾಕ ಹೋದಾಗ ಕಾಗಿ ನನ್ನ ತಲಿಗೆ ಬಡದು ಹೋಗಿತ್ತು."

ಕಾಗೆ ತಲೆಗೆ ಬಡಿದರೆ ಆ ಮನುಷ್ಯ ಸತ್ತನೆಂದು ದೂರದವರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಅತ್ತರೆ ದೋಷ ಕಳೆಯಿತು, ಆಯುಷ್ಯ ಗಟ್ಟಿಯಾಯಿತು ಅಂತ ನಮ್ಮ ಕಡೆ ನಂಬಿಕೆ. "ನಿಮ್ಮಕ್ಕ, ತಮ್ಮಗ ಸುದ್ದಿ ಕಳಸೂಣೇನು ಅಂದ್ಲು," ಅಂದಳು ಅವ್ವ. "ನಾನಽ ಬ್ಯಾಡ ಅಂದೆ. ಫೋನ್ ಮಾಡದಾವ ಅಳ್ತಾನೇನು?" ಆಮೇಲೆ ಕೇಳಿದಳು, "ಮಾರ್ಗರೆಟವ್ವ ಅತ್ತಳಂತೇನು?"

"ಶೀ ಕ್ರೈಡ್ ಎ ಲಾಟ್, ಅಜ್ಜಿ," ಅಂದಳು ಇಂಚರಾ.

"ನೀ ಅತ್ತೀಯೇನೋ?"

ಇದು ನನಗೆ ಕೇಳಿದ್ದು. ಕಣ್ಣು ಒಣಗಿಯೇ ಇದ್ದವು. "ಹೂಂ, ಅತ್ತೇನಿ," ಅಂದೆ.

"ಸುಳ್ಳು ಹೇಳಬ್ಯಾಡ. ನಿನ್ನ ದನಿ ನನಗ ತಿಳಿಯೂದಿಲ್ಲೇನು? ಇರ್ಲಿ ಬಿಡು. ಆಮ್ಯಾಲೆ ಅಳಾಕ ಬರ್ತೈತಿ." ಅದರ ಬೆನ್ನಿಗೇ, "ಉಂಡ್ಯಾ?" ಅಂದಳು. ನನ್ನ ತಪ್ಪಿನ ಮಾತನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕ್ಷಮಾಪಣೆ ಕೇಳಬೇಕಿತ್ತು. ಕೇಳಲಿಲ್ಲ, ಪ್ರತಿ ಭಾನುವಾರ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಶಾಲೆಯ ಆಫೀಸಿಗೆ ಹೋಗಿ ನಿಜ ಹೇಳಿದೆ. ಅಷ್ಟು ಚಿಕ್ಕವನಾಗಿ ನಾನು ಯಾವ ಹೆಡ್‌ಮಾಸ್ಟರರ ಎದುರೂ ನಿಂತಿರಲಿಲ್ಲ. ಮಾರ್ಗರೆಟ್ ಎದೆಯ ಮೇಲೆ ಕೈಯಿಟ್ಟುಕೊಂಡು ಮೊದಲು ನಕ್ಕರು, ಆಮೇಲೆ ಅತ್ತರು. ಮರದ ಬುಡಕ್ಕೆ ಹೋಗಿ ಕಲ್ಲನ್ನು ತಂದು ತಮ್ಮ ಮೇಜಿನ ಕಾಗದಗಳ ಮೇಲಿಟ್ಟರು. ಹೊರಗಿದ್ದರೆ ಬಣ್ಣ ಹೋಗುತ್ತದೆ, ಇಲ್ಲಿರಲಿ, ಇದಕ್ಕೇನೂ ಅವಸರವಿಲ್ಲ ಅಂದರು. ನಾನು ಟ್ರೇ ಮುಂದೆ ಮಾಡಿದರೆ ತೆಗೆದುಕೊಳ್ಳಲಿಲ್ಲ. ನಿಮ್ಮ ತಾಯಿ ಮತ್ತೆ ಬರುತ್ತಾರಲ್ಲ, ಅವರ ಕೈಯಿಂದಲೇ ತೆಗೆದುಕೊಳ್ಳುತ್ತೇನೆ ಅಂದರು.

ಅವ್ವ ಬರಲಿಲ್ಲ. ನಾನು ಹೋಗಿ ಬಂದು ಮಾಡಿದೆ, ಅವಳ ಮೊಣಕಾಲು ವಿಮಾನಕ್ಕೆ ಒಪ್ಪಲಿಲ್ಲ. ಅಷ್ಟರಲ್ಲಿ ನನ್ನ ಕೆಲಸ ಮೆಲ್ಬೋರ್ನಿಗೆ ವರ್ಗವಾಗಿ, ಟ್ರೇಯೂ ನಮ್ಮೊಂದಿಗೆ ಡಾಕ್‌ಲ್ಯಾಂಡ್ಸ್‌ನ ಹದಿನಾಲ್ಕನೇ ಮಹಡಿಗೆ ಬಂತು. ಈ ವರ್ಷ ಜುಲೈನಲ್ಲಿ ಅವ್ವ ಹೋದಳು. ಹೋಗಿ ಎಲ್ಲ ಕಾರ್ಯ ಮುಗಿಸಿ ಬಂದೆ. ಅಕ್ಕ ಅತ್ತಳು, ಶೈಲಾ ಅತ್ತಳು. ನಾನು ಓಡಾಡಿದೆ, ಬಂದವರಿಗೆ ಚಹಾ ಕೊಡಿಸಿದೆ, ಹೂವಿನವನ ಜೊತೆ ಜಗಳವನ್ನೂ ಆಡಿದೆ. ಅಳು ಮಾತ್ರ ಬರಲಿಲ್ಲ.

ಟ್ರೇ ಸಿಕ್ಕ ಮರುದಿನ ಶಾಲೆಗೆ ಫೋನ್ ಮಾಡಿದೆ. ಎತ್ತಿದ್ದು ಮಾರ್ಗರೆಟ್. ಇದೇ ಡಿಸೆಂಬರಿಗೆ ರಿಟೈರ್ ಆಗುತ್ತಾರಂತೆ. ಅವ್ವನ ಸುದ್ದಿ ಹೇಳಿದೆ. ಮೆಲ್ಲಗೆ ಕೇಳಿದರು, "ಈ ಸಲ..."

"ಹೌದು," ಅಂದೆ. "ಈ ಸಲ ನಿಜ."

ನವೆಂಬರಿನಲ್ಲಿ ಮಕ್ಕಳು ಕಲ್ಲಿಡುವ ಆ ಬೆಳಿಗ್ಗೆಗೆ ಸರಿಯಾಗಿ ನಾನೂ ಇಂಚರಾನೂ ಸಿಡ್ನಿಗೆ ಹೋದೆವು. ಟ್ರೇಯಲ್ಲಿ ರವೆ ಉಂಡೆ. ಗೋಡಂಬಿಯಿಲ್ಲ, ಶೇಂಗಾ ಅಂತೂ ಇಲ್ಲವೇ ಇಲ್ಲ. ಕಟ್ಟಿದವಳು ಹದಿನೈದರ ಇಂಚರಾ, ಅದಕ್ಕೇ ಒಂದು ದಪ್ಪ, ಒಂದು ಸಣ್ಣ. ಮಾರ್ಗರೆಟ್ ಎರಡೂ ಕೈಯಲ್ಲಿ ಟ್ರೇ ತೆಗೆದುಕೊಂಡರು. ಆಫೀಸಿನೊಳಗೆ ಹೋಗಿ ಕಲ್ಲನ್ನು ತಂದು ಮಗಳ ಅಂಗೈಯಲ್ಲಿಟ್ಟರು. ಕೆಂಪು ಬಣ್ಣ ಇನ್ನೂ ಹಾಗೇ ಇತ್ತು. ಜಕರಾಂಡಾ ಹೂವು ನೆಲದ ಮೇಲೆಲ್ಲ ಬಿದ್ದಿತ್ತು. ಮಕ್ಕಳು ಒಬ್ಬೊಬ್ಬರಾಗಿ ಹೆಸರು ಹೇಳಿ ಕಲ್ಲಿಡುತ್ತ ಬಂದರು. ಅವರ ಸಾಲಿನ ಕೊನೆಗೆ, ಅವರಿಗಿಂತ ಒಂದು ಮೊಳ ಎತ್ತರ ನಿಂತಿದ್ದ ನನ್ನ ಮಗಳು ಬಗ್ಗಿ ಕಲ್ಲಿಟ್ಟು, "ಅಜ್ಜಿ" ಅಂದಳು.

ಎಲ್ಲಿತ್ತೋ ಆ ಅಳು. ಅದೇ ಗೇಟು, ಜನ ನಿಲ್ಲುವ ಅದೇ ಜಾಗ. ಅವತ್ತು ಕೂಗಾಡಿದ ಅದೇ ಬಾಯಿಂದ ಬಂತು, ತಡೆಯಲು ಆಗಲಿಲ್ಲ. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ತಿರುಗಿ ನೋಡಿ ಜೇಬಿನಿಂದ ಮುದುಡಿದ ಟಿಶ್ಯೂ ಕೊಟ್ಟಳು.

ಮನೆಗೆ ಬಂದ ಮೇಲೆ ಅವ್ವನ ಫೋಟೋ ತೆಗೆದುಕೊಂಡೆ. ಮೆಟ್ಟಿಲ ಮೇಲೆ ಪಾಸ್ತಾ ಬಂದ ಆ ಸಂಜೆಯೇ ದೇವರ ಶೆಲ್ಫಿನಿಂದ ತೆಗೆದಿದ್ದು, ಎಂಟು ವರ್ಷ ಟಿವಿಯ ಪಕ್ಕ ಇತ್ತು. ಜುಲೈನಿಂದ ಅದನ್ನು ಜರುಗಿಸಲು ನನಗೆ ಕೈ ಬಂದಿರಲಿಲ್ಲ. ಇಂಚರಾ ಶೆಲ್ಫಿನಲ್ಲಿ ಅಪ್ಪನ ಫೋಟೋವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. "ಈಗ ಇಡಬಹುದು ಅಪ್ಪಾ" ಅಂದಳು, ಕನ್ನಡದಲ್ಲೇ.

ಇಟ್ಟೆ. ದೀಪ ಹಚ್ಚಿ ಅವಳು ಒಳಗೆ ಹೋದ ಮೇಲೆ, ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ: "ಅತ್ತೇನಿ ಅವ್ವಾ. ಈ ಸಲ ಸುಳ್ಳಲ್ಲ."