ಹೊಟ್ಟೆಯೊಳಗಿನ ರೊಟ್ಟಿ

ಇವತ್ತು ಮಿರ್ಚಿ ಭಜಿ ಮಾಡೋಣವೆಂದು ಹಸಿಮೆಣಸಿನಕಾಯಿ ಸೀಳಿದೆ ನೋಡಿ, ಒಳಗಿನ ಬಿಳಿ ತಿರುಳಿಗೆ ಬೀಜಗಳು ನೂಕಾಡುತ್ತ ಕಚ್ಚಿಕೊಂಡು ಕೂತಿದ್ದವು. ಘಾಟು ಮೂಗಿಗೆ ಹೊಡೆದು ಸೀನಿದೆ, ಸೀನಿ ನಕ್ಕೆ. ಒಬ್ಬಳೇ ನಗುವವಳನ್ನು ಕಂಡರೆ ಜನ ಏನಂದಾರು! ಆದರೆ ಆ ತಿರುಳಿನ ಹೆಸರು ನಮ್ಮಕ್ಕನ ಮನೆಯಲ್ಲಿ ಎಬ್ಬಿಸಿದ ಗದ್ದಲ ಗೊತ್ತಾದರೆ ನೀವೂ ನಗುತ್ತೀರಿ. ಅದು ಪ್ಲಾಸೆಂಟಾ. ತಾಯಿಯ ಹೊಟ್ಟೆಯಲ್ಲಿ ಕೂಸನ್ನು ಸಾಕುವ ಮಾಸಿಗೂ ಡಾಕ್ಟರು ಇದೇ ಹೆಸರು ಹೇಳುತ್ತಾರೆ.

ಆಗ ನಾನು ಬೈಲಹೊಂಗಲದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸಸ್ಯಶಾಸ್ತ್ರವೆಲ್ಲ ನನ್ನ ಸೆರಗಿನ ಗಂಟಿನಲ್ಲೇ ಇದೆ ಎಂಬ ಧಿಮಾಕು ಬೇರೆ. ಅಕ್ಕ ಸುರೇಬಾನದ ತನ್ನ ಗಂಡನ ಮನೆಯಲ್ಲಿ ಬಸುರಿ. ಹಿಂದೊಮ್ಮೆ ಬಸಿರು ನಿಂತಿರಲಿಲ್ಲ, ಆದ್ದರಿಂದ ಈ ಸಲ ಎಲ್ಲರೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು. ರಾಮದುರ್ಗದ ಡಾಕ್ಟರಮ್ಮ ಸ್ಕ್ಯಾನ್ ಮಾಡಿ, "ಪ್ಲಾಸೆಂಟಾ ಸ್ವಲ್ಪ ಕೆಳಗೈತಿ. ಭಾಳ ಮಂದಿಗೆ ದಿನಾ ಹೋದಂಗ ಮ್ಯಾಲೆ ಸರೀತೈತಿ. ಭಾರ ಎತ್ತಬ್ಯಾಡ್ರಿ, ಮತ್ತ ಬಂದು ತೋರಸ್ರಿ" ಅಂದರಂತೆ. ಅಕ್ಕನ ಅತ್ತೆಯ ಕಿವಿಗೆ ಬಿದ್ದದ್ದು ಮಾತ್ರ ಬೇರೆ.

"ಪ್ಲಾಸ್ಟರ್ ಕೆಳಗ ಇಳದೈತಂತವಾ!" ಎಂದು ನನಗೆ ಫೋನಿನಲ್ಲಿ ಅತ್ತರು. "ಮನೀ ಪ್ಲಾಸ್ಟರ್ ಉದುರಿದ್ರ ಗೌಂಡಿನ್ನ ಕರೀಬಹುದು. ಇದಕ್ಕ ಯಾರನ್ನ ಕರೀಲಿ?"

ನಗಬೇಕೋ ಅಳಬೇಕೋ! ಸಿಕ್ಕ ಬಸ್ಸು ಹತ್ತಿ ಹೋದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಅಡುಗೆಮನೆಯಿಂದ ಹಸಿಮೆಣಸಿನಕಾಯಿ ತಂದು ಸೀಳಿ, ಪಾಠ ಶುರು ಮಾಡಿಯೇ ಬಿಟ್ಟೆ. "ನೋಡ್ರಿ ಅತ್ತಿ, ಇದೂ ಪ್ಲಾಸೆಂಟಾನ. ಬೀಜಾನ ಹೆಂಗ ಗಟ್ಟಿ ಹಿಡದೈತಿ ನೋಡ್ರಿ!"

ಅತ್ತೆ ಎದ್ದು ಹೋಗಿ ಒಂದು ಒಣಮೆಣಸಿನಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಬೀಜವೆಲ್ಲ ಗಲಗಲ! "ಇದೇನವಾ ಮತ್ತ?"

ಅಕ್ಕ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಶಾಣೇತನ ತೋರಿಸಲು ಹೋಗಿ ಸಗಣಿ ತುಳಿದಂತಾಯಿತು ನನ್ನ ಪಾಡು. ಇದ್ದಬದ್ದದ್ದನ್ನೆಲ್ಲ ನೆನಪು ಮಾಡಿಕೊಂಡು ಬಾಯಿಗೆ ಬಂದದ್ದು ಹೇಳಿದೆ: ಆ ಹೆಸರು ಮೊದಲು ಡಾಕ್ಟರದ್ದೂ ಅಲ್ಲ, ಗಿಡದ ಪಂಡಿತರದ್ದೂ ಅಲ್ಲ, ಒಲೆಯದ್ದು! ಹಳೆಯ ಗ್ರೀಕರು ಚಪ್ಪಟೆ ತಿನಿಸಿಗೆ ಅಂಥದೊಂದು ಹೆಸರಿಟ್ಟಿದ್ದರು, ಅದು ರೋಮಿನವರ ಬಾಯಲ್ಲಿ ಪ್ಲಾಸೆಂಟಾ ಆಯಿತು. ಎಷ್ಟೋ ಕಾಲದ ಮೇಲೆ ವೈದ್ಯರು ಮಾಸನ್ನು ನೋಡಿ, ದುಂಡಗೆ ಚಪ್ಪಟೆಯಾಗಿ ಅದೇ ತಿನಿಸಿನಂತಿದೆಯೆಂದು ಆ ಹೆಸರನ್ನೇ ಇಟ್ಟರು. ಗಿಡದವರು ಅವರಿಂದ ಕಡ ತಂದರು.

"ಅಂದ್ರ, ರೊಟ್ಟಿ?" ಎಂದರು ಅತ್ತೆ.

"ಹೂನ್ರಿ, ರೊಟ್ಟಿನ ಅನ್ರಿ."

ಅತ್ತೆಯ ಮುಖ ಅರಳಿತು. "ಹಂಗಂತ ಮೊದಲ ಹೇಳಬಾರದೇನ! ಏ, ಏಳ, ಕಣ್ಣೊರಸ್ಕೊ. ಹಂಚಿಗೆ ಹಾಕಿದ ಕೂಡ್ಲೇ ಯಾವ ರೊಟ್ಟಿ ಎದ್ದೈತಿ? ಬೇಯಿಲಿ, ತಾನ ಮ್ಯಾಲೇಳತೈತಿ!"

ವಿಜ್ಞಾನಕ್ಕೂ ಆ ಮಾತಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅಕ್ಕ ಎದ್ದು ಕೂತು ಅವತ್ತು ಹೊಟ್ಟೆತುಂಬ ಉಂಡಳು.

ಮುಂದಿನ ಸ್ಕ್ಯಾನಿಗೆ ಅತ್ತೆಯೇ ಮುಂದೆ ನುಗ್ಗಿ, "ರೊಟ್ಟಿ ಎದ್ದೈತೇನ್ರಿ ಬಾಯಾರ?" ಎಂದು ಕೇಳಿದರು. ಡಾಕ್ಟರಮ್ಮ ಕಣ್ಣರಳಿಸಿದರು, ನಾನು ನಾಚಿಕೆಯಿಂದ ಕುಗ್ಗಿ ಎಲ್ಲ ಬಿಡಿಸಿ ಹೇಳಿದೆ. ಅವರು ಪರದೆ ನೋಡುತ್ತ ನೋಡುತ್ತ ನಕ್ಕುಬಿಟ್ಟರು. "ಎದ್ದೈತ್ರಿ ಯವ್ವಾ, ಚಲೋತ್ನಾಗ ಎದ್ದೈತಿ!"

ಹೆರಿಗೆಯಾಗಿ ಹೆಣ್ಣುಕೂಸು ಊರಿಗೆಲ್ಲ ಕೇಳುವಂತೆ ಅತ್ತಾಗ, ಅತ್ತೆ ನರ್ಸಿಗೆ ದುಂಬಾಲು ಬಿದ್ದು ಮಾಸನ್ನು ನೋಡಿದರು. "ಖರೇನ ರೊಟ್ಟಿನ ಐತಿ" ಎಂದು ಅದಕ್ಕೆ ಕೈಮುಗಿದರು. "ನಮ್ಮ ಕೂಸಿಗೆ ಇಷ್ಟು ದಿನಾ ಉಣಿಸಿದಿ ತಾಯಿ." ನನ್ನ ಕಣ್ಣಲ್ಲಿ ನೀರು ಬಂತು.

ಆ ಕೂಸು ಈಗ ನನ್ನ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಾಳೆ. ಭಜಿಯ ವಾಸನೆ ಹಿಡಿದು ಒಳಗೆ ಬಂದವಳು, "ಚಿಗವ್ವಾ, ಒಬ್ಬಾಕೀನ ಯಾಕ ನಗಾಕತ್ತಿ?" ಎಂದಳು. ಎಲ್ಲ ಹೇಳಿದೆ. ಆಗಿನ ನನ್ನ ಪಾಠದಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿಯನ್ನೂ ಹೇಳಿದೆ: ಮಾಸು ತಾಯಿಯೊಬ್ಬಳೇ ಮಾಡಿದ್ದಲ್ಲ, ಹೆಚ್ಚಿನ ಪಾಲು ಕೂಸಿನ ಕಡೆಯಿಂದಲೇ ಬೆಳೆಯುತ್ತದೆ.

ಹುಡುಗಿ ಭಜಿ ಬಿಟ್ಟು ತಾಯಿಗೆ ಫೋನು ಹಚ್ಚಿದಳು.

"ಯವ್ವಾ! ನನಗ ರೊಟ್ಟಿ ಬಡಿಯಾಕ ಬರೂದಿಲ್ಲಂತ ಇನ್ನ ಬೈಬ್ಯಾಡ. ಹುಟ್ಟೂಕಿಂತ ಮೊದಲ ಬಡದೇನಿ!"