ತಂತಿ ಕಿತ್ತು ನಕ್ಷೆ ಬರೆದವನು

ನಮ್ಮ ಬಿಸ್ಕತ್ತು ಕಾರ್ಖಾನೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವ ಮಹಾನುಭಾವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದೆಯಂತೆ. ಅದು ಸಂಬಳದ ಚೀಟಿಯಲ್ಲಿ ಅಚ್ಚಾಗುತ್ತದೆ, ಅಷ್ಟೆ. ಮಾಲೀಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ಕಿತ್ತಣ್ಣ. ಕೀಳುವುದು ಅವನ ವೃತ್ತಿ. ಹತ್ತಿರದಿಂದ ಬಲ್ಲವರು ಹೇಳುವ ಪ್ರಕಾರ, ಅವನ ಸುಖವೂ ಅದೇ.

ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟಿದೆ. ಕಾರ್ಖಾನೆಯ ಕಂಪ್ಯೂಟರು, ಕ್ಯಾಮೆರಾ, ತೂಕದ ಯಂತ್ರ, ಬೆರಳೊತ್ತುವ ಹಾಜರಿ ಯಂತ್ರ, ಹೀಗೆ ಎಲ್ಲವುಗಳ ತಂತಿಗಳೂ ಅಲ್ಲಿಗೆ ಬಂದು ಸೇರುತ್ತವೆ. ಎಲ್ಲವೂ ನೀಲಿ. ಹಿಂದೊಮ್ಮೆ ಖರೀದಿ ವಿಭಾಗದವರು ಅಗ್ಗಕ್ಕೆ ಸಿಕ್ಕಿತೆಂದು ನೀಲಿ ತಂತಿಯ ಸುರುಳಿಗಳನ್ನೇ ರಾಶಿ ತಂದಿದ್ದರು. ತುದಿಗಳಿಗೆ ಅಂಟಿಸಿದ್ದ ಹೆಸರಿನ ಚೀಟಿಗಳು ಒಲೆಯ ಕಾವಿಗೆ ಅಂಟು ಬಿಟ್ಟು, ಹಿಟ್ಟಿನ ಧೂಳು ಹೊದ್ದು, ಒಂದೊಂದಾಗಿ ನೆಲ ಸೇರಿದವು. ಹಾಗಾಗಿ ಯಾವ ತಂತಿ ಯಾರದೆಂದು ತಿಳಿಯಲು ಕಿತ್ತಣ್ಣ ತನ್ನದೇ ಒಂದು ಶಾಸ್ತ್ರ ಕಟ್ಟಿದ. ಒಂದು ತಂತಿ ಕೀಳುವುದು, ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಲ್ಲುವುದು, ಯಾರು ಕೂಗುತ್ತಾರೆಂದು ಕೇಳುವುದು.

ಮೇಲಿನಿಂದ "ಅಯ್ಯೋ, ಬಿಲ್ಲು ಹೋಯ್ತು!" ಎಂದು ಬಂದರೆ ಅದು ನಮ್ಮ ಲೆಕ್ಕಪತ್ರ ವಿಭಾಗದ ತಂತಿ. "ಯಾವನೋ ಅವನು!" ಎಂದರೆ ಗೋದಾಮಿನದು. ಒಂದು ಸಭ್ಯವಾದ ಕೆಮ್ಮು ಕೇಳಿದರೆ ಮಾಲೀಕರದು. ಅದನ್ನು ಕಿತ್ತಷ್ಟೇ ಬೇಗ ಚುಚ್ಚಬೇಕು. ಪ್ರತಿ ಸಾಲು ಬರೆದ ಮೇಲೂ ಒಮ್ಮೆ ಸೇವ್ ಮಾಡುವ ಅಭ್ಯಾಸ ನಮಗೆ ಬಂದದ್ದು ಶಿಸ್ತಿನಿಂದಲ್ಲ, ಕಿತ್ತಣ್ಣನಿಂದ.

ಮನೆಯಲ್ಲೂ ಒಮ್ಮೆ ಅವನು ಈ ಶಾಸ್ತ್ರವನ್ನು ಪ್ರಯೋಗಿಸಿದ. ಯಾವ ಫ್ಯೂಸು ಯಾವ ಕೋಣೆಯದೆಂದು ನೋಡಲು ಒಂದನ್ನು ಕಿತ್ತಾಗ ಅತ್ತೆ ಸ್ನಾನದ ಕೋಣೆಯಲ್ಲಿದ್ದರು. ಅವರ ಕೂಗಿನಿಂದ ಫ್ಯೂಸು ಯಾವುದೆಂದು ತಿಳಿಯಿತು. ಆಮೇಲೆ ಬಹಳ ದಿನ ಅತ್ತೆ ಅವನೊಡನೆ ಮಾತು ಬಿಟ್ಟರು. ಕಿತ್ತಣ್ಣನ ಲೆಕ್ಕದಲ್ಲಿ ಎರಡೂ ಲಾಭವೇ.

ಅವನ ಹೆಂಡತಿಯೂ ನಮ್ಮ ಕಾರ್ಖಾನೆಯವಳೇ, ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ. ನಮಗೆಲ್ಲ ಪ್ಯಾಕಿಂಗ್ ಅಕ್ಕ. ಗಂಡನಿಗಿಂತ ತಾನು ಮೇಲೆಂದು ಅವಳು ಎಂದೂ ಹೇಳಿಕೊಂಡಿಲ್ಲ. ಹೇಳುವ ಅಗತ್ಯ ಬಿದ್ದಿಲ್ಲ.

ಹೀಗೆ ಸುಖವಾಗಿದ್ದ ಸಾಮ್ರಾಜ್ಯಕ್ಕೆ ಹೊಸ ಮ್ಯಾನೇಜರ್ ಮೇಡಂ ಬಂದರು. ಬಂದ ವಾರದಲ್ಲೇ ಕಿತ್ತಣ್ಣನನ್ನು ಕರೆಸಿದರು.

"ನಮ್ಮ ಜಾಲದ ನಕ್ಷೆ ಎಲ್ಲಿ? ಯಾವ್ಯಾವ ಯಂತ್ರ ಇದೆ, ಎಲ್ಲೆಲ್ಲಿದೆ ಅನ್ನೋದು?"

"ಇಲ್ಲಿದೆ ಮೇಡಂ." ಕಿತ್ತಣ್ಣ ಬಲಗಿವಿ ಮುಟ್ಟಿ ತೋರಿಸಿದ.

ಮೇಡಂ ಆ ಕಿವಿಯನ್ನು ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ. ಆದ್ರೆ ಇದನ್ನ ಫೈಲಿಗೆ ಹಾಕೋಕಾಗಲ್ಲ. ಮುಂದಿನ ಗುರುವಾರ ಆಡಿಟರ್ ಬರ್ತಾರೆ. ಅಷ್ಟರಲ್ಲಿ ಒಂದು ಯಂತ್ರಾನೂ ಬಿಡದ ಹಾಗೆ ನಕ್ಷೆ ಬೇಕು. ಅದಕ್ಕೆ ಅಂತ ಸಾಫ್ಟ್‌ವೇರ್ ಇರುತ್ತೆ, ಹುಡುಕಿ. ಆಗ್ಲಿಲ್ಲ ಅಂದ್ರೆ ಈ ಕೆಲಸಾನ ಹೊರಗಿನ ಕಂಪನಿಗೆ ಕೊಡ್ತೀವಿ."

"ನಾನು, ಮೇಡಂ?"

"ಸಕ್ಕರೆ ಗೋದಾಮಲ್ಲಿ ಒಂದು ಜಾಗ ಖಾಲಿ ಇದೆ."

ಸಕ್ಕರೆ ಗೋದಾಮಿನಲ್ಲಿ ಮೂಟೆಗಳಿವೆ, ಇರುವೆಗಳಿವೆ. ಕೀಳಲು ಏನೂ ಇಲ್ಲ. 

ಅಂದೇ ಕಿತ್ತಣ್ಣ ಉಪಕರಣದ ಶೋಧಕ್ಕೆ ದಂಡಯಾತ್ರೆ ಹೊರಟ. ಅಂದರೆ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡ. ಮೊದಲು ಸಿಕ್ಕ ಸಾಫ್ಟ್‌ವೇರು ಬಲು ಚೆಲುವೆ. ನಾಲ್ಕಾರು ಯಂತ್ರಗಳನ್ನು ಬಣ್ಣಬಣ್ಣವಾಗಿ ತೋರಿಸಿ, ಉಳಿದವನ್ನು ನೋಡಬೇಕಾದರೆ ಕಾಸು ಬಿಚ್ಚು ಎಂದು ಪರದೆ ಎಳೆಯಿತು. ಎರಡನೆಯದು ಸಮದರ್ಶಿ; ಕಂಪ್ಯೂಟರಿಗೂ ಕ್ಯಾಮೆರಾಕ್ಕೂ ತೂಕದ ಯಂತ್ರಕ್ಕೂ ಒಂದೇ ಚಿತ್ರ ಹಾಕಿತು. ಮೂರನೆಯದು ಎಲ್ಲದರಿಂದ ಎಲ್ಲದಕ್ಕೂ ಗೆರೆ ಎಳೆದು ಜೇಡರಬಲೆಯೊಂದನ್ನು ನೇಯ್ದು, ನಡುವೆ ತಾನೇ ಸಿಕ್ಕಿಕೊಂಡು ಸತ್ತಿತು. ಕೊನೆಗೆ ಸಿಕ್ಕಿದ್ದು ಕಪ್ಪು ಪರದೆ, ಬಿಳಿ ಅಕ್ಷರ, ಪುಕ್ಕಟೆ. ಅದು ಜಾಲದ ಪ್ರತಿ ವಿಳಾಸಕ್ಕೂ ಹೋಗಿ ಬಾಗಿಲು ತಟ್ಟಿ "ಯಾರು ನೀನು, ಏನು ನಿನ್ನ ಕೆಲಸ?" ಎಂದು ಕೇಳುತ್ತದೆ. ಮೆಲ್ಲಗೂ ತಟ್ಟಬಹುದು, ಜೋರಾಗಿಯೂ ತಟ್ಟಬಹುದು. ಜೋರಾಗಿ ತಟ್ಟುವ ಮುನ್ನ ಯೋಚಿಸಿ ಎಂದು ಅನುಭವಸ್ಥರು ಅಲ್ಲೇ ಕೆಳಗೆ ಬರೆದಿದ್ದರು. ಅದು ಬೇರೆಯವರಿಗೆ ಹೇಳಿದ್ದೆಂದು ತಿಳಿದ ಕಿತ್ತಣ್ಣ, ಇದ್ದುದರಲ್ಲೇ ಜೋರಾದದ್ದನ್ನು ಆರಿಸಿ ಗುಂಡಿ ಒತ್ತಿದ.

ಕಂಪ್ಯೂಟರುಗಳು ಹೆಸರು ಹೇಳಿದವು. ಕ್ಯಾಮೆರಾಗಳು ಊರು ಕೇರಿ ಸಮೇತ ಹೇಳಿದವು. ಆದರೆ ಪ್ಯಾಕಿಂಗಿನಲ್ಲಿ ಲೇಬಲ್ ಅಚ್ಚು ಹಾಕುವ ಪ್ರಿಂಟರುಗಳಿವೆಯಲ್ಲ, ಅವಕ್ಕೆ ಪಾಪ, ಬರುವುದು ಒಂದೇ ವಿದ್ಯೆ. ತಂತಿಯಲ್ಲಿ ಏನು ಬಂದರೂ ಅಚ್ಚು ಹಾಕುವುದು. "ಯಾರು ನೀನು?" ಎಂದು ಕೇಳಿದ್ದಕ್ಕೆ ಅವು ಆ ಪ್ರಶ್ನೆಯನ್ನೇ ಲೇಬಲ್ಲಿನ ಮೇಲೆ ಅಚ್ಚು ಹಾಕಿದವು. ಉತ್ತರ ಬರಲಿಲ್ಲವೆಂದು ಉಪಕರಣ ಮತ್ತೆ ಕೇಳಿತು. ಅವು ಮತ್ತೆ ಹಾಕಿದವು.

ಪ್ಯಾಕಿಂಗಿನ ಹೆಂಗಸರು ಯಾರನ್ನೂ ಏನೂ ಕೇಳಲಿಲ್ಲ. ಮೇಲಿನವರು ತಿಂಗಳಿಗೊಮ್ಮೆ ಲೇಬಲ್ ಬದಲಾಯಿಸುತ್ತಾರೆ. ಹಿಂದಿನ ಸಲ ಕಾರಣವಿಲ್ಲದೆ ಒಂದು ಮೊಲ ಬಂದಿತ್ತು; ಈ ಸಲ ಒಂದು ಸಾಲು ಇಂಗ್ಲಿಷು, ಮುಂದೆ ಒಂದಿಷ್ಟು ಚುಕ್ಕಿ, ಗೀಟು, ನಕ್ಷತ್ರ. ಅಚ್ಚುಕಟ್ಟಾಗಿ, ಮೂಲೆ ಮಡಚದಂತೆ, ಡಬ್ಬಗಳಿಗೆಲ್ಲ ಅಂಟಿಸಿದರು. ಚಹಾ ಕುಡಿದು ಬಂದ ಪ್ಯಾಕಿಂಗ್ ಅಕ್ಕ ಡಬ್ಬಗಳ ಗೋಪುರ ನೋಡಿದಳು. ಒಂದು ಲೇಬಲ್ಲನ್ನು ಹೆಬ್ಬೆರಳಿಗೆ ಅಂಟಿಸಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಬಂದಳು.

"ಏನ್ರೀ ಇದು?"

ಕಿತ್ತಣ್ಣ ಓದಿದ. ಮುಖ ಅರಳಿತು. "ಓಹೋ, ಸಿಕ್ಕಿಬಿಟ್ವು!"

"ಏನು ಸಿಕ್ವು?"

"ನಿನ್ನ ಪ್ರಿಂಟರ್‌ಗಳು ಕಣೇ! ಎಲ್ಲಿದಾವೆ ಅಂತ ಪಕ್ಕಾ ಆಯ್ತು. ನಕ್ಷೆಗೆ ಬೇಕಿತ್ತು."

"ನಿಮ್ಮ ನಕ್ಷೆ ನನ್ನ ಡಬ್ಬದ ಮೇಲೆ ಕೂತಿದೆ. ಅಷ್ಟನ್ನೂ ಕೆರೆದು ತೆಗೀಬೇಕು. ಏಳಿ."

"ನಾನಾ?"

"ಇನ್ಯಾರು, ನಮ್ಮಮ್ಮ ಬರ್ತಾರಾ?"

ಹೀಗೆ ನಮ್ಮ ವೀರ ತಲೆಗೆ ಪ್ಯಾಕಿಂಗಿನ ಟೋಪಿ ಹಾಕಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಉಗುರಿನಿಂದ ಲೇಬಲ್ ಕೆರೆಯುತ್ತಿರುವಾಗ ಮ್ಯಾನೇಜರ್ ಮೇಡಂ ಆ ದಾರಿಯಲ್ಲಿ ಬಂದರು. ನಿಂತು ನೋಡಿದರು.

"ಕೈಕೆಲಸಾನೂ ಚೆನ್ನಾಗಿ ಬರುತ್ತೆ ನಿಮಗೆ. ಗೋದಾಮಿನವರಿಗೆ ಹೇಳ್ತೀನಿ," ಎಂದು ಮುಂದೆ ಹೋದರು.

ಆಮೇಲೆ ಕಿತ್ತಣ್ಣ ಮೆಲ್ಲಗೆ ತಟ್ಟಲು ಕಲಿತ. ನಕ್ಷೆ ಬೆಳೆಯತೊಡಗಿತು. ಪರದೆಯ ಮೇಲೆ ಒಂದು ಯಂತ್ರ ಕಂಡರೆ ಅದು ನಿಜವಾಗಿ ಎಲ್ಲಿದೆಯೆಂದು ಹುಡುಕಿಕೊಂಡು ಕಾರ್ಖಾನೆಯೆಲ್ಲ ಸುತ್ತಿದ. ಹಾಗೆ ಹೋದಾಗಲೇ ಒಲೆ ಮೇಸ್ತ್ರಿಯ ಬಟ್ಟೆ ಕಪಾಟಿನೊಳಗೆ, ಕೋಟಿನ ಹಿಂದೆ, ಪರದೆ ಬೆಳಗುತ್ತಿದ್ದ ಸಣ್ಣ ಪೆಟ್ಟಿಗೆಯೊಂದು ಸಿಕ್ಕಿದ್ದು.

"ಇದೇನು ಮೇಸ್ತ್ರಿ?"

"ಒಲೆ ಕಾವು ನೋಡೋ ಯಂತ್ರ."

"ಕುಸ್ತಿ ಬರ್ತಿದೆಯಲ್ಲ?"

"ಕಾವು ಕಮ್ಮಿ ಆದಾಗ ಬರುತ್ತೆ."

ಕಿತ್ತಣ್ಣ ವಾದ ಮಾಡಲಿಲ್ಲ. ನಕ್ಷೆಯಲ್ಲಿ ಅಲ್ಲೊಂದು ಚುಕ್ಕೆ ಇಟ್ಟು "ಒಲೆ ಕಾವು, ಕುಸ್ತಿ" ಎಂದು ಬರೆದುಕೊಂಡ.

ಗುರುವಾರದ ಹೊತ್ತಿಗೆ ಎಲ್ಲ ಚುಕ್ಕೆಗಳಿಗೂ ಜಾಗ ಸಿಕ್ಕಿತ್ತು, ಒಂದನ್ನು ಬಿಟ್ಟು. ಆ ಒಂದು ಯಂತ್ರ, ತಟ್ಟಿದಾಗಲೆಲ್ಲ "ಇದ್ದೇನೆ" ಎನ್ನುತ್ತಿತ್ತು. ಹೆಸರಿಲ್ಲ, ಕೆಲಸ ಹೇಳುವುದಿಲ್ಲ. ಅದರ ತಂತಿ ಕಪಾಟಿನ ಯಾವ ಕಿಂಡಿಯಲ್ಲಿದೆ ಎಂಬುದು ತಿಳಿಯಿತು. ಇನ್ನೊಂದು ತುದಿ ಗೋಡೆಯೊಳಗೆ ಹೊಕ್ಕು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಕಿತ್ತಣ್ಣ ಶೌಚಾಲಯದ ಮೇಲ್ಛಾವಣಿಯನ್ನೂ ಬಿಡದೆ ಹುಡುಕಿದ. ಆಡಿಟರ್ ಬರುವುದು ಮಧ್ಯಾಹ್ನ ಊಟದ ನಂತರ. ಊಟ ಮುಗಿಯಿತು. ಗೇಟಿನಲ್ಲಿ ಅವರ ಕಾರಿನ ಸದ್ದು ಕೇಳಿತು. ಕೈ ತನ್ನಿಂದ ತಾನೇ ಕಪಾಟಿನ ಕಡೆ ಚಾಚಿತು.

ಕಿತ್ತ.

ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಂತ. ಲೆಕ್ಕಪತ್ರದಿಂದ ಸದ್ದಿಲ್ಲ. ಗೋದಾಮಿನಿಂದ ಬೈಗುಳವಿಲ್ಲ. ಕೆಮ್ಮೂ ಇಲ್ಲ. ಕಿತ್ತಣ್ಣನ ಜೀವಮಾನದಲ್ಲಿ ಅವನು ಕಿತ್ತದ್ದರಿಂದ ಯಾರಿಗೂ ಏನೂ ಆಗದೆ ಹೋದದ್ದು ಇದೇ ಮೊದಲು. ಕೊಂಚ ಅವಮಾನವೂ ಆಯಿತು. ಯಾರಿಗೂ ಬೇಡದ ಯಂತ್ರ ಇದ್ದರೆಷ್ಟು ಬಿಟ್ಟರೆಷ್ಟು ಎಂದು ತಂತಿಯನ್ನು ಸುತ್ತಿ ಮೊಳೆಗೆ ನೇತುಹಾಕಿ, ನಕ್ಷೆ ಹಿಡಿದು ಮೇಡಂ ಕೋಣೆಗೆ ನಡೆದ.

ಮೇಡಂ ಕೋಣೆಗೂ ನಮ್ಮ ವಿಭಾಗಕ್ಕೂ ನಡುವೆ ಇರುವುದು ಒಂದು ಗಾಜಿನ ತಡಿಕೆ. ಅದು ಬೆಳಕನ್ನೂ ಮಾತನ್ನೂ ಧಾರಾಳವಾಗಿ ಬಿಡುತ್ತದೆ. ಆಡಿಟರ್ ಸಣಕಲು ಮನುಷ್ಯ, ನಿಧಾನಸ್ಥ. ಒಂದೊಂದು ಚುಕ್ಕೆಯ ಮೇಲೂ ಪೆನ್ಸಿಲ್ ಇಟ್ಟು "ಇದು?" ಎಂದರು. ಕಿತ್ತಣ್ಣ ಉತ್ತರಿಸಿದ. ಕುಸ್ತಿಯ ಬಳಿ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಮುಂದೆ ಸರಿಯಿತು. ನಮ್ಮ ಕಿಟಕಿಯಾಚೆ ಬಿಸಿಲು ಇಳಿಯುತ್ತ ಬಂತು. ಗೇಟಿನ ಹೊರಗೆ ಜನ ಸೇರಿ ಸೇರಿ ದೊಡ್ಡ ಗುಂಪಾಗಿತ್ತು. ಮುಷ್ಕರವಿರಬೇಕೆಂದು ನಾವು ಸಂತೋಷದಿಂದ ಫೈಲು ಮುಚ್ಚಿದೆವು.

ಪೆನ್ಸಿಲ್ ಕೊನೆಯ ಚುಕ್ಕೆಗೆ ಬಂತು. "ಇದು?"

"ಅದು ಅನಾಥ ಸಾರ್."

"ಅಂದ್ರೆ?"

"ಯಾರದೂ ಅಲ್ಲ. ಆಗ್ಲೇ ಕಿತ್ತೆ. ಯಾರೂ ಕೂಗ್ಲಿಲ್ಲ."

ಆಡಿಟರ್ ಕನ್ನಡಕ ತೆಗೆದರು. "ಎಲ್ಲಿದೆ ಅಂತ ಗೊತ್ತಿಲ್ಲ?"

"ಇಲ್ಲ ಸಾರ್."

"ಒಂದು ಯಂತ್ರ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ. ನಾನು ಹೇಗೆ ಸಹಿ ಹಾಕ್ಲಿ?"

ಮೇಡಂ ಮೇಜಿನ ಖಾನೆ ಎಳೆದು ಹೊರಗಿನ ಕಂಪನಿಯವರ ಪತ್ರ ಹುಡುಕತೊಡಗಿದರು. ಆಗ ಬಾಗಿಲು ತೆರೆದು ಪ್ಯಾಕಿಂಗ್ ಅಕ್ಕ ಬಂದಳು. ಟೋಪಿ, ಕೈಗವಸು ಎಲ್ಲ ಹಾಗೇ ಇತ್ತು.

"ಮೇಡಂ, ಪಾಳಿ ಇನ್ನೂ ಮುಗೀಲಿಲ್ವಾ?"

"ಸೈರನ್ ಆಗಿಲ್ವಲ್ಲ."

"ಸೈರನ್ ಆಗಿಲ್ಲ, ನಿಜ. ಆದ್ರೆ ನನ್ನ ಕಾಲು ಆಯ್ತು ಅಂತಿದೆ. ಇಷ್ಟು ವರ್ಷದಲ್ಲಿ ಅದು ಒಂದು ದಿನಾನೂ ಸುಳ್ಳು ಹೇಳಿಲ್ಲ."

ಬಿಸ್ಕತ್ತು ತಯಾರಾಗುವ ಕಡೆ, ತಿನ್ನುವ ಪದಾರ್ಥದ ಜಾಗವಾದ್ದರಿಂದ, ಒಳಗೆ ಕೈಗಡಿಯಾರ, ಬಳೆ, ಫೋನು ಯಾವುದಕ್ಕೂ ಪ್ರವೇಶವಿಲ್ಲ. ಎಲ್ಲ ಗೇಟಿನಲ್ಲೇ ಬಿಟ್ಟು ಬರಬೇಕು. ಕಿಟಕಿಗಳಿಲ್ಲ. ಗೋಡೆಯಲ್ಲಿ ಎರಡು ಗಡಿಯಾರಗಳಿವೆ, ಒಂದಕ್ಕೊಂದು ಆಗಿಬರುವುದಿಲ್ಲ. ಒಳಗಿದ್ದವರು ಪಾಳಿ ಮುಗಿಸಿ ಹೊರಗೆ ಬರುವುದೂ, ಹೊರಗಿದ್ದ ಮುಂದಿನ ಪಾಳಿಯವರಿಗೆ ಕಾವಲುಗಾರ ಗೇಟು ತೆರೆಯುವುದೂ ಸೈರನ್ ಕೂಗಿದ ಮೇಲೆಯೇ. ಅದು ಕೂಗದಿದ್ದರಿಂದ ಒಳಗಿನವರು ಹಿಟ್ಟು ನಾದುತ್ತಲೇ ಇದ್ದರು, ಹೊರಗಿನವರು ನಿಂತೇ ಇದ್ದರು. ಸೈರನ್ ಇನ್ನೂ ಕೂಗಿಲ್ಲವಲ್ಲ ಎಂದು ಯಾರೂ ಕೂಗಲಿಲ್ಲ. ಕೂಗುವುದು ಅದರ ಕೆಲಸ ತಾನೆ?

ಕಿತ್ತಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಹೆಂಡತಿ ಅದನ್ನು ಒಮ್ಮೆ ನೋಡಿದಳು, ಅಷ್ಟೇ ಸಾಕಾಯಿತು.

"ಏನ್ರೀ ಕಿತ್ರಿ?"

ಅವನು ಬಿದ್ದೆನೋ ಕೆಟ್ಟೆನೋ ಎಂದು ಮೆಟ್ಟಿಲಿಳಿದು ಓಡಿದ. ಸ್ವಲ್ಪ ಹೊತ್ತಿನಲ್ಲೇ ನಮ್ಮ ತಲೆಯ ನೇರ ಮೇಲೆ, ಚಾವಣಿಯ ಮೇಲಿಂದ, ಸೈರನ್ ಕೂಗಿತು. ತಡವಾದ ಸಿಟ್ಟೆಲ್ಲ ಸೇರಿಸಿ ಕೂಗಿತು. ಗಾಜಿನ ತಡಿಕೆ ನಡುಗಿತು. ಆಡಿಟರ್ ಕೈಯ ಪೆನ್ಸಿಲ್ ನಕ್ಷೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆಯಿತು.

ಕಥೆ ಆಮೇಲೆ ತಿಳಿಯಿತು. ಪಾಳಿಗೊಮ್ಮೆ ಎದ್ದು ಹೋಗಿ ಸೈರನ್ ಗುಂಡಿ ಒತ್ತಲು ಬೇಸರವಾಗಿ ಹಳೆಯ ಟೈಂಕೀಪರ್ ಅದಕ್ಕೊಂದು ಪೆಟ್ಟಿಗೆ ಕೂಡಿಸಿ, ಹಾಜರಿ ಕಂಪ್ಯೂಟರಿನಿಂದಲೇ ಅಪ್ಪಣೆ, ತಲುಪುವವರೆಗೂ ಬಿಡದೆ, ಹೋಗುವಂತೆ ತಂತಿ ಎಳೆಸಿದ್ದ. ಹೇಳಿದರೆ "ಹಾಗಾದ್ರೆ ನೀನ್ಯಾಕೆ?" ಎಂದು ಕೇಳಿಯಾರೆಂದು ನಿವೃತ್ತನಾಗುವವರೆಗೂ ಯಾರಿಗೂ ಹೇಳಿರಲಿಲ್ಲ.

ಸದ್ದು ನಿಂತಾಗ ಆಡಿಟರ್ ಕಿವಿಯಿಂದ ಬೆರಳು ತೆಗೆದರು. "ಎಲ್ಲಿದೆ ಇದು?"

ಮೇಡಂ ಬೆರಳನ್ನು ಮೇಲಕ್ಕೆ ತೋರಿಸಿದರು. ಆಡಿಟರ್ ಕೊನೆಯ ಚುಕ್ಕೆಯ ಪಕ್ಕದಲ್ಲಿ ದುಂಡಗೆ ಬರೆದರು: "ಚಾವಣಿಯ ಮೇಲೆ. ಖುದ್ದಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ." ಸಹಿ ಹಾಕಿದರು. ಕಾರು ಹತ್ತುವಾಗಲೂ ಎಲ್ಲರೊಡನೆ ಏರುದನಿಯಲ್ಲೇ ಮಾತಾಡುತ್ತಿದ್ದರು.

ಹೊರಗಿನ ಕಂಪನಿಯ ಪತ್ರ ಖಾನೆಯೊಳಗೇ ಉಳಿಯಿತು. ಏದುಸಿರು ಬಿಡುತ್ತ ಬಂದ ಕಿತ್ತಣ್ಣನಿಗೆ ಮೇಡಂ ಕುರ್ಚಿ ತೋರಿಸಿದರು.

"ನಕ್ಷೆ ಪೂರ್ತಿ ಆಯ್ತು. ನಿಮ್ಮ ಜಾಗ ನಿಮಗೇ ಇರ್ಲಿ. ಆದ್ರೆ ನಾಳೆಯಿಂದ ಆ ಕಪಾಟಿಗೆ ಬೀಗ."

"ಆಗ್ಲಿ ಮೇಡಂ. ಕೀಲಿಕೈ ನಾನು ಜೋಪಾನ..."

"ನಿಮ್ಮ ಹತ್ರ ಅಲ್ಲ."

"ಮತ್ತೆ?"

ಮೇಡಂ ಪ್ಯಾಕಿಂಗ್ ಅಕ್ಕನ ಕಡೆ ನೋಡಿದರು. ಅಕ್ಕ ಕೈಗವಸು ಬಿಚ್ಚಿದಳು.

ನಕ್ಷೆ ಈಗ ಚೌಕಟ್ಟು ಹಾಕಿಸಿಕೊಂಡು ಕಿತ್ತಣ್ಣನ ಕುರ್ಚಿಯ ಹಿಂದೆ ನೇತಾಡುತ್ತಿದೆ. ಮೊನ್ನೆ ನಮ್ಮ ವಿಭಾಗದ ಕಂಪ್ಯೂಟರು ಕೈಕೊಟ್ಟಿತು. ಕಿತ್ತಣ್ಣ ಚೌಕಟ್ಟನ್ನು ಗೋಡೆಯಿಂದಿಳಿಸಿ, ಕಂಕುಳಲ್ಲಿಟ್ಟುಕೊಂಡು, ತಲೆಗೆ ಟೋಪಿ ಹಾಕಿಕೊಂಡು ಪ್ಯಾಕಿಂಗಿನ ಬಾಗಿಲಲ್ಲಿ ಹೋಗಿ ನಿಂತ. ನಾನೂ ಕೆಲಸವಿಲ್ಲದೆ ಹಿಂದೆ ಹೋಗಿದ್ದೆ.

"ಕೀಲಿ ಬೇಕಿತ್ತು."

"ಯಾವ ತಂತಿ?"

"ಲೆಕ್ಕದವರದು."

"ತೋರ್ಸಿ."

ಅವನು ತೋರಿಸಿದ. ಅವಳು ಚುಕ್ಕೆಯಿಂದ ಗೆರೆ ಹಿಡಿದು, ಬೆರಳಿಟ್ಟುಕೊಂಡು, ಆ ತುದಿಯವರೆಗೂ ಹೋಗಿ ನೋಡಿದಳು.

"ಸರಿ ಇದೆ. ಈ ಸಾಲು ಮುಗೀಲಿ, ಕೊಡ್ತೀನಿ. ಅಲ್ಲೀವರೆಗೂ ಆ ಸ್ಟೂಲ್ ಮೇಲೆ ಕೂತಿರಿ. ಏನನ್ನೂ ಮುಟ್ಬೇಡಿ."

ಕಿತ್ತಣ್ಣ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ.